ಮುನಿಗಂಗಪ್ಪನವರ ಮೂವತ್ತು ಎಂ.ಎಲ್.

ನಮ್ಮ ಮಾವ ಮುನಿಗಂಗಪ್ಪನವರು ವಿಸ್ಕಿಯ ರುಚಿ ನೋಡಲು ಕಲಿತದ್ದು ಅರವತ್ತಾರನೇ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ನಲವತ್ತು ವರ್ಷ ಕುಡಿದಿದ್ದರು, ಆ ಮಾತು ಬೇರೆ. ಅಟ್ಟೂರಿನ ಹಳಬರನ್ನು ಯಾರನ್ನಾದರೂ ಕೇಳಿ ನೋಡಿ. ಅಂಗಡಿ ಮುಂದೆ ನಿಂತುಕೊಂಡೇ ಕ್ವಾರ್ಟರ್ ಬಾಟಲಿಯನ್ನು ಲೋಟಕ್ಕೆ ಬಗ್ಗಿಸಿ, ಎಡಗೈಯಲ್ಲಿ ಮೂಗು ಹಿಡಿದುಕೊಂಡು, ಎರಡು ಗುಟುಕಿಗೆ ಮುಗಿಸಿ, ಉಪ್ಪಿನಕಾಯಿ ನೆಕ್ಕಿ ಮನೆ ಕಡೆ ಹೊರಡುತ್ತಿದ್ದರಂತೆ. ಮೂಗು ಯಾಕೆ ಹಿಡಿದುಕೊಳ್ಳುತ್ತಿದ್ದರು ಅಂದರೆ, ವಾಸನೆ ತಡೆಯೋಕಾಗುತ್ತಿರಲಿಲ್ಲ ಎಂದು ಅವರೇ ಹೇಳುತ್ತಾರೆ.

ನಾನು ಮಂಜುಶ್ರೀ, ಈ ಮನೆಯ ಸೊಸೆ. ಯಲಹಂಕದ ಆಚೆ ಒಂದು ಹಾಲಿನ ಡೈರಿಯ ಲ್ಯಾಬಿನಲ್ಲಿ ನನ್ನ ಕೆಲಸ. ಬೆಳಗಾಗೆದ್ದು ಕ್ಯಾನಿನ ಮುಚ್ಚಳ ತೆಗೆದು ಮೂಸಿ, ಹಾಲು ಕೆಟ್ಟಿದೆಯೋ, ಹಸು ಹುಳಿ ಮೇವು ತಿಂದಿದೆಯೋ, ಕ್ಯಾನನ್ನೇ ಸರಿಯಾಗಿ ತೊಳೆದಿಲ್ಲವೋ ಹೇಳಬೇಕು. ಮಿಷನ್ನುಗಳು ಬಂದಿವೆ, ಆದರೆ ಮೊದಲ ತೀರ್ಪು ಇನ್ನೂ ಮೂಗಿನದೇ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಗಿರಿ ಆಡಿಕೊಳ್ಳುತ್ತಾನೆ. ಮೂಗಿನಿಂದ ಸಂಬಳ ತರುವವಳಿಗೆ ಅದು ಇನ್ನೆಲ್ಲಿರಬೇಕು, ನೀವೇ ಹೇಳಿ.

ಹೋದ ಯುಗಾದಿ ಕಳೆದ ಮೇಲೆ ಮಾವನ ಕಾಲು ಊದಿಕೊಂಡಿತು. ಹೆಬ್ಬಾಳದ ಡಾಕ್ಟರು ರಿಪೋರ್ಟ್ ನೋಡಿ, ಲಿವರ್ ಸರಿಯಿಲ್ಲ, ಕುಡಿಯೋದನ್ನ ಪೂರ್ತಿ ಬಿಡಿ ಅಂದರು. ಮಾವ ಸೈಟು ವ್ಯಾಪಾರಕ್ಕೆ ಕೂತವರ ಹಾಗೆ ಚೌಕಾಸಿ ಶುರು ಮಾಡಿದರು. ಅರ್ಧ ಗಂಟೆ ಜಗ್ಗಾಡಿದ ಮೇಲೆ ಡಾಕ್ಟರು ಸೋತು, "ನಾನು ಹೇಳೋದು ಬಿಡಿ ಅಂತಲೇ. ಆಗೋದೇ ಇಲ್ಲ ಅಂದ್ರೆ ವಾರಕ್ಕೆ ಎರಡು ಸಲ, ಮೂವತ್ತು ಎಂ.ಎಲ್. ಅಷ್ಟೇ. ಆರು ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಮಾಡ್ತೀನಿ. ಆಗ ರಿಪೋರ್ಟ್ ಕೆಟ್ಟಿದ್ರೆ ಒಂದು ತೊಟ್ಟೂ ಇಲ್ಲ" ಎಂದರು. ಅಳೆದು ಕೊಡೋರು ಯಾರು ಎಂಬ ಪ್ರಶ್ನೆ ಬಂದಾಗ ಎಲ್ಲರೂ ನನ್ನ ಮುಖ ನೋಡಿದರು. ಲ್ಯಾಬಿನವಳಲ್ಲವೇ, ಮನೆಯಲ್ಲಿ ಗಾಜಿನ ಅಳತೆ ಕೊಳವೆ ಇರುವುದು ನನ್ನ ಹತ್ತಿರ ತಾನೆ. ಬಾಟಲಿ ಇಟ್ಟ ಬೀರುವಿನ ಕೀಲಿಕೈಯೂ ನನ್ನ ಸೊಂಟಕ್ಕೆ ಬಂತು.

ಮೊದಲ ಬುಧವಾರ ಸಂಜೆ ಮೂವತ್ತು ಎಂ.ಎಲ್. ಅಳೆದು ಸ್ಟೀಲ್ ಲೋಟಕ್ಕೆ ಹಾಕಿಕೊಟ್ಟೆ. ಮಾವ ಲೋಟದೊಳಗೆ ಬಗ್ಗಿ ನೋಡಿದರು.

"ಏನಮ್ಮ ಇದು, ತೀರ್ತನಾ?"

ಎತ್ತಿ ಗಂಟಲಿಗೆ ಸುರಿದುಕೊಂಡರು. ಅಷ್ಟಕ್ಕೇ ಮುಗಿಯಿತು. ಆಮೇಲೆ ಒಂದು ಗಂಟೆ ಖಾಲಿ ಲೋಟ ಹಿಡಿದುಕೊಂಡು ಮಹಡಿಯ ಮೇಲೆ ಟ್ಯಾಂಕಿನ ನೆರಳಲ್ಲಿ ಕೂತಿದ್ದರು. ನನಗೆ ಪಾಪ ಅನಿಸಿತು, ಆದರೆ ತೋರಿಸಿಕೊಳ್ಳಲಿಲ್ಲ.

ಅವರನ್ನು ಆ ಸ್ಥಿತಿಯಲ್ಲಿ ನೋಡಿದವರು ನಮ್ಮ ಎರಡನೇ ಮಹಡಿಯ ಬಾಡಿಗೆಯವರು, ಶಿವಪ್ರಕಾಶ. ವಿಜಯಪುರದ ಕಡೆಯವರು, ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾರೆ. ಅವರಿಗೆ ವಿಸ್ಕಿಯ ಹುಚ್ಚು. ಯಾರು ವಿದೇಶದಿಂದ ಬಂದರೂ ಒಂದು ಬಾಟಲಿ ತರಿಸಿಟ್ಟುಕೊಂಡು ತಿಂಗಳುಗಟ್ಟಲೆ ಹನಿ ಹನಿಯಾಗಿ ಕುಡಿಯುವ ಪೈಕಿ. ಬಟ್ಟೆ ಒಣಹಾಕಲು ಬಂದವರು ಮಾವನ ಕತೆ ಕೇಳಿ, ಕೆಳಗೆ ಹೋಗಿ ಹೊಟ್ಟೆ ದಪ್ಪ ಬಾಯಿ ಸಣ್ಣ ಇರುವ ಒಂದು ಗಾಜಿನ ಲೋಟ ತಂದರು.

"ಮಾಲಕ್ರ, ಮೂವತ್ತು ಎಂ.ಎಲ್. ಭಾಳ ಆತ್ರಿ. ನೀವು ಅದನ್ನ ಕುಡದ್ ಬಿಟ್ಟೀರಿ, ಅದs ತಪ್ಪು. ಮೊದಲ ಮೂಸಬೇಕ್ರಿ."

"ಮೂಗು ಇಡ್ಕೊಂಡು ಕುಡ್ದೋನಪ್ಪ ನಾನು," ಎಂದರು ಮಾವ.

ಮುಂದಿನ ಶನಿವಾರದಿಂದ ಪಾಠ ಶುರುವಾಯಿತು. ಲೋಟವನ್ನು ಗಲ್ಲದ ಹತ್ತಿರ ಹಿಡಿಯಬೇಕು, ಬಾಯಿ ಸ್ವಲ್ಪ ತೆರೆದಿರಬೇಕು, ಜೋರಾಗಿ ಎಳೆಯಬಾರದು ಎಂದು ಶಿವಪ್ರಕಾಶ ಹೇಳಿಕೊಟ್ಟರು. ಮಾವ ಪಂಪ್‌ಸೆಟ್ಟಿನ ಹಾಗೆ ಎಳೆದು ಕಣ್ಣಲ್ಲಿ ನೀರು ತುಂಬಿಕೊಂಡರು. ಅಲ್ಲಿಯವರೆಗೂ ಸುಮ್ಮನಿದ್ದ ನಾನು ಬಾಯಿ ಹಾಕಿದೆ. ಡೈರಿಯಲ್ಲಿ ನಾವು ಒಂದೇ ಸಲ ಮೂಸಿ ತಕ್ಷಣ ಮುಖ ತಿರುಗಿಸುತ್ತೇವೆ. ಮೊದಲನೇ ಸಲ ಬಂದದ್ದೇ ನಿಜ. ಮತ್ತೆ ಬೇಕೆಂದರೆ ನಮ್ಮದೇ ಮೊಣಕೈ ಮೂಸಿ, ಮೂಗಿನ ಹಳೇ ವಾಸನೆ ಕಳೆದುಕೊಂಡು ಬರುತ್ತೇವೆ. ಇದನ್ನು ಕೇಳಿ ಶಿವಪ್ರಕಾಶ, "ಇದು ಯಾವ ಪುಸ್ತಕದಾಗೂ ಓದಿದ್ದಿಲ್ಲ ನೋಡ್ರಿ" ಎಂದರು. ಮಾವ ನನ್ನನ್ನು ಹೊಸಬಳನ್ನು ನೋಡುವ ಹಾಗೆ ನೋಡಿದರು. ನಾನು ಡೈರಿಯಲ್ಲಿ ಏನು ಮಾಡುತ್ತೇನೆಂದು ಹತ್ತು ವರ್ಷದಲ್ಲಿ ಅವರ ಕಿವಿಗೆ ಬಿದ್ದದ್ದು ಅದೇ ಮೊದಲು.

"ಏನು ವಾಸನೆ ಬರ್ತಿದೆ ಮಾವ?"

"ವಿಸ್ಕಿ ವಾಸ್ನೆ."

ಎರಡು ವಾರ ಇದೇ ಉತ್ತರ. ನನಗೆ ರೇಗಿಹೋಗುತ್ತಿತ್ತು. ಐದನೇ ಸಲ, ಮೊಣಕೈ ಮೂಸಿಕೊಂಡು ಮತ್ತೆ ಲೋಟಕ್ಕೆ ಬಂದವರು ಅದನ್ನು ಹಿಡಿದ ಹಾಗೇ ಕೂತುಬಿಟ್ಟರು. "ಒಸಾ ಗೋಣಿಚೀಲ," ಎಂದರು. "ರಾಗಿ ತುಂಬೋಕೆ ಮುಂಚೆ ಬಾಯಿ ತೆಗೀತೀವಲ್ಲ, ಆಗ ಬರ್ತೈತಲ್ಲ, ಅದು." ಅವರ ಮುಖದಲ್ಲಿ ಆ ದಿನ ಬಂದ ಬೆರಗನ್ನು ನಾನು ಮರೆಯುವುದಿಲ್ಲ. ಈ ಮನುಷ್ಯನ ಮೇಲೆ ನನಗೆ ಮೆಚ್ಚುಗೆ ಹುಟ್ಟಿದ್ದು ಅವತ್ತೇ.

ಅಲ್ಲಿಂದ ಮುಂದೆ ಹಿಡಿಯುವವರೇ ಇಲ್ಲ. ಅಮೆರಿಕದ ಬೂರ್ಬನ್ ಕೊಟ್ಟು ಏನೂ ಹೇಳದೆ ಕೂರಿಸಿದರೆ, "ಬೆಣ್ಣೆ ಬಿಸ್ಕತ್ತು, ಕೆಂಡದ ಮೇಲೆ ಸುಟ್ಟ ಜೋಳದ ತೆನೆ" ಎಂದರು. ಅದನ್ನು ಮಾಡುವುದೇ ಮುಸುಕಿನ ಜೋಳದಿಂದ, ತುಂಬಿಡುವುದು ಒಳಗೆಲ್ಲ ಸುಟ್ಟ ಹೊಸ ಪೀಪಾಯಿಯಲ್ಲಿ ಎಂದು ಶಿವಪ್ರಕಾಶ ಆಮೇಲೆ ಹೇಳಿದಾಗ, ಗೊತ್ತಿದ್ದದ್ದೇ ತಾನೆ ಎನ್ನುವ ಹಾಗೆ ತಲೆಯಾಡಿಸಿದರು. ಐರ್ಲೆಂಡಿನದಕ್ಕೆ ಕೊಯ್ದ ಹುಲ್ಲು, ಕಾಯಿ ಸೀಬೆ. ವೈನ್ ತುಂಬಿಟ್ಟಿದ್ದ ಪೀಪಾಯಿಯಲ್ಲಿ ಬಲಿತ ಸ್ಕಾಚ್‌ಗೆ, "ಮದುವೆಮನೆ ಉಗ್ರಾಣ. ದ್ರಾಕ್ಷಿ, ಖರ್ಜೂರ, ಒಂದು ಮೂಲೇಲಿ ಅಡಿಕೆ." ನಮ್ಮ ದೇಶದ್ದೇ ಬಾರ್ಲಿ ವಿಸ್ಕಿ ಕೊಟ್ಟ ದಿನ, ಇದು ಅವಸರದಲ್ಲಿ ಹಣ್ಣಾಗಿದೆ ಎಂದರು. ನಮ್ಮ ಬಿಸಿಲಿಗೆ ಪೀಪಾಯಿಯಲ್ಲಿ ಬೇಗ ಬಲಿಯುತ್ತದೆ, ವರ್ಷ ವರ್ಷ ಒಂದಷ್ಟು ಗಾಳಿಗೂ ಹಾರಿಹೋಗುತ್ತದೆ ಎಂದು ಶಿವಪ್ರಕಾಶ ವಿವರಿಸಿದರು. "ಗಾಳಿಗೂ ಪಾಲು ಕೊಟ್ಟು ಮಿಕ್ಕಿದ್ದು ನಮ್ಗೆ," ಎಂದು ಮಾವ ಮೆಲ್ಲಗೆ ಒಂದು ಗುಟುಕು ಎಳೆದು ಬಾಯಲ್ಲಿ ಇಟ್ಟುಕೊಂಡರು.

ಎರಡು ಗುಟುಕಿಗೆ ಕ್ವಾರ್ಟರ್ ಮುಗಿಸುತ್ತಿದ್ದವರು ಮೂವತ್ತು ಎಂ.ಎಲ್.ಗೆ ಒಂದೂಕಾಲು ಗಂಟೆ ತೆಗೆದುಕೊಳ್ಳತೊಡಗಿದರು. ಅರ್ಧ ಆದ ಮೇಲೆ ಡ್ರಾಪರಿನಲ್ಲಿ ನಾಲ್ಕು ಹನಿ ನೀರು, ಆಮೇಲೆ ಇನ್ನೆರಡು. ಬುಧವಾರ ಶನಿವಾರ ಹಸಿ ಈರುಳ್ಳಿ ಮುಟ್ಟುತ್ತಿರಲಿಲ್ಲ, ಶೇವಿಂಗ್ ಸೋಪು ಹಚ್ಚುತ್ತಿರಲಿಲ್ಲ. ಸಂಜೆ ಊದುಬತ್ತಿ ಹಚ್ಚಬೇಡಿ ಎಂದು ಕೆಳಗೆ ಹೇಳಿ ಕಳಿಸಿದಾಗ ಅತ್ತೆ ವೆಂಕಟಲಕ್ಷ್ಮಮ್ಮನವರು, "ದೇವ್ರಿಗೂ ಇವ್ರ ಅಪ್ಣೆ ಆಗ್ಬೇಕಾ?" ಎಂದು ಎರಡು ಕಡ್ಡಿಯ ಬದಲು ನಾಲ್ಕು ಹಚ್ಚಿದರು. ಅತ್ತೆ ಆ ಸಂಜೆಗಳಲ್ಲಿ ಮಹಡಿ ಹತ್ತುತ್ತಿರಲಿಲ್ಲ. ಧಾರಾವಾಹಿಯ ಸೌಂಡು ಜಾಸ್ತಿ ಮಾಡಿಕೊಂಡು ಕೆಳಗೇ ಇರುತ್ತಿದ್ದರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಮಾವ ಎಷ್ಟೋ ತಣ್ಣಗಾಗಿದ್ದರು. ಅದಕ್ಕೆ ಮುಂಚಿನ ದಿನಗಳ ಬಗ್ಗೆ ಅತ್ತೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಒಂದು ಜಾತಿಯ ವಿಸ್ಕಿ ಮಾತ್ರ ಉಳಿದಿತ್ತು. ಶಿವಪ್ರಕಾಶರ ಬೀರುವಿನಲ್ಲಿ ಸೀಲು ಒಡೆಯದ ಒಂದು ಬಾಟಲಿ ಇತ್ತು. ಸ್ಕಾಟ್ಲೆಂಡಿನ ಯಾವುದೋ ದ್ವೀಪದ್ದು. ಅಲ್ಲಿ ಮೊಳಕೆ ಬಂದ ಬಾರ್ಲಿಯನ್ನು ಜೌಗು ನೆಲದ ಮಣ್ಣು ಉರಿಸಿ ಆ ಹೊಗೆಯಲ್ಲಿ ಒಣಗಿಸುತ್ತಾರಂತೆ.

"ಮಣ್ಣು ಎಂಗಯ್ಯಾ ಉರೀತೈತೆ?" ಎಂದು ಮಾವ ಕೇಳಿದರು. ಸಾವಿರಾರು ವರ್ಷದಿಂದ ಕೊಳೆತ ಹುಲ್ಲು ಬೇರು ಅದು, ಇಟ್ಟಿಗೆ ಥರ ಕೊಯ್ದು ಒಣಗಿಸಿ ಒಲೆಗೆ ಹಾಕ್ತಾರೆ ಎಂದರು ಶಿವಪ್ರಕಾಶ. ಮಾವನಿಗೆ ಅದು ತಲೆಯೊಳಗೆ ಹೊಕ್ಕುಬಿಟ್ಟಿತು. ಅರವತ್ತು ವರ್ಷ ಮಣ್ಣಲ್ಲಿ ಬದುಕಿದವರು, ಮಣ್ಣಿನ ಹೊಗೆ ಹೇಗಿರುತ್ತದೆಂದು ಗೊತ್ತಿಲ್ಲ. ಪ್ರತಿ ಸಲ, ಇವತ್ತು ಅದನ್ನ ತೆಗೆಯೋಣವಾ ಎನ್ನುವರು. ಪ್ರತಿ ಸಲ ಶಿವಪ್ರಕಾಶರದ್ದು ಒಂದೇ ಮಾತು. "ಹೊಗೀದು ಕಡೀಕ್ರಿ. ಒಮ್ಮೆ ಅದು ನಾಲಿಗಿ ಮ್ಯಾಲ ಕುಂತ್ರ ಬ್ಯಾರೆ ಯಾವುದರ ರುಚೀನೂ ತಿಳಿಯೂದಿಲ್ಲ." ಕಲಿಯುವ ಕ್ರಮ ಅದು. ಮಾವ ಒಪ್ಪಿದರು. ಆರು ತಿಂಗಳು ಮುಗಿಯುವುದರೊಳಗೆ ಆ ಹೊಗೆಯವರೆಗೆ ತಲುಪಬೇಕು ಎನ್ನುವುದೊಂದೇ ಅವರ ಆಸೆಯಾಗಿತ್ತು. ನಮಗೆಲ್ಲ ಅದು ಗೊತ್ತಿತ್ತು.

ಅಷ್ಟರಲ್ಲಿ ಮಹಾಲಯ ಅಮಾವಾಸ್ಯೆ ಬಂತು. ನಮ್ಮಲ್ಲಿ ಅವತ್ತು ಹಿರಿಯರಿಗೆ ಎಡೆ ಇಡುತ್ತಾರೆ. ತೀರಿಹೋದವರ ಫೋಟೋದ ಮುಂದೆ ಬಾಳೆ ಎಲೆ ಹಾಕಿ, ಮುದ್ದೆ, ನಾಟಿಕೋಳಿ ಸಾರು, ಕಜ್ಜಾಯ, ಹೊಸ ಪಂಚೆ, ಬೀಡಿ ಸೇದುತ್ತಿದ್ದರೆ ಬೀಡಿ, ಕುಡಿಯುತ್ತಿದ್ದರೆ ಅವರ ಬಾಟಲಿ. ಆಮೇಲೆ ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಲ್ಲಬೇಕು. ಹಿರಿಯರು ಬಂದು ಉಂಡು ಹೋಗಲಿ ಎಂದು. ಮಾವನ ತಂದೆ ನರಸಿಂಹಯ್ಯನವರಿಗೆ ಪ್ರತಿ ವರ್ಷ ಇಡುತ್ತಿದ್ದದ್ದು ಅಂಗಡಿಯ ಅತಿ ಅಗ್ಗದ ಕ್ವಾರ್ಟರ್. ಈ ಸಲ ಮಾವ ಅದನ್ನು ಪಕ್ಕಕ್ಕೆ ಸರಿಸಿ, ಮದುವೆಮನೆ ಉಗ್ರಾಣದ ಆ ಸ್ಕಾಚನ್ನು ಸಣ್ಣ ಬಾಯಿಯ ಗಾಜಿನ ಲೋಟಕ್ಕೆ ಬಗ್ಗಿಸಿ ಇಟ್ಟರು. ಅಪ್ಪನಿಗೆ ಒಳ್ಳೇದನ್ನ ಕುಡಿಸಬೇಕು ಎಂದು.

ನರಸಿಂಹಯ್ಯನವರ ತಮ್ಮ ಪಿಳ್ಳಣ್ಣ, ಎಂಬತ್ತೆರಡು ವರ್ಷದವರು, ಕೋಲೂರಿಕೊಂಡು ಬಂದು ಎಡೆ ನೋಡಿದರು. ಬಗ್ಗಿ ಲೋಟ ಮೂಸಿದರು.

"ಯಾರ್ಗಲಾ ಇದು?"

"ಅಪ್ಪಂಗೆ. ಒಳ್ಳೇ ಮಾಲು ಚಿಕ್ಕಪ್ಪ."

"ನಿಂಗೊಳ್ಳೇದು. ನಮ್ಮಣ್ಣ ಬಾಗ್ಲಿಗೆ ಬಂದು ಮೂಸಿ ನೋಡಿ, ಇದು ನಮ್ಮನೆ ಅಲ್ಲ ಅಂತ ಎದ್ದೋಯ್ತಾನೆ. ಅವ್ನು ಗುರ್ತು ಇಡಿಯೋದು ಬ್ಯಾಡ್ವಾ?"

ಮಾವ ಲೋಟ ಎತ್ತಿಕೊಂಡರು. ಪಕ್ಕಕ್ಕೆ ಸರಿಸಿದ್ದ ಕ್ವಾರ್ಟರನ್ನು ಒಡೆದು, ಅಪ್ಪನ ಹಳೇ ಸ್ಟೀಲ್ ಲೋಟ ಹುಡುಕಿ ತಂದು ಅದರಲ್ಲೇ ಹಾಕಿ ಇಟ್ಟರು. ಬಾಗಿಲು ಮುಚ್ಚಿ, ತೆಗೆದು, ಊಟವೆಲ್ಲ ಆದ ಮೇಲೆ, ಎಡೆಯ ಪ್ರಸಾದವೆಂದು ಅದರಿಂದಲೇ ಮೂವತ್ತು ಎಂ.ಎಲ್. ಅಳೆದು ಕೊಡು ಎಂದರು. ಮಹಡಿಯಲ್ಲಿ ಕೂತು, ಸ್ಕಾಚಿಗೆ ಮಾಡುವ ಎಲ್ಲಾ ಮರ್ಯಾದೆಯನ್ನೂ ಆ ಅಗ್ಗದ ವಿಸ್ಕಿಗೆ ಮಾಡಿದರು. ಮೂಸಿದರು, ಮೊಣಕೈಗೆ ಹೋಗಿ ಬಂದರು, ಹನಿ ನೀರು ಹಾಕಿದರು.

"ಆಲೆಮನೆ," ಎಂದರು. "ಬೆಲ್ಲ ಆದ್ಮೇಲೆ ಮಿಕ್ತದಲ್ಲ ಕಾಕಂಬಿ, ಅದು. ಮ್ಯಾಲೆ ಒಸಿ ಕೇಕಿನ ವಾಸ್ನೆ ಆಕವ್ರೆ. ಒರಟು. ಆದ್ರೆ ಮೋಸ ಇಲ್ಲ." ಶಿವಪ್ರಕಾಶ ಹೌದು, ಇದು ಕಾಕಂಬಿಯದ್ದೇ ಎಂದರು. ಮಾವನ ಕಣ್ಣು ತುಂಬಿತ್ತು. "ನಲ್ವತ್ತು ವರ್ಸ ಇದನ್ನೇ ಕುಡ್ದೆ. ಇದಕ್ಕೊಂದು ಮುಖ ಐತೆ ಅಂತ ಇವತ್ತು ಗೊತ್ತಾಯ್ತು."

ದೊಡ್ಡ ದೊಡ್ಡ ಬಾಟಲಿ ಶೋಕೇಸಿನಲ್ಲಿಟ್ಟು, ಅಗ್ಗದ್ದನ್ನು ಕಂಡರೆ ಮೂಗು ಮುರಿಯುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಮ್ಮ ಸುತ್ತ ಸೈಟು ಮಾರಿದವರ ಮನೆಗಳಲ್ಲಿ ಅಂಥವರಿಗೆ ಬರವಿಲ್ಲ. ಕಲಿತ ಮೇಲೂ ಕೆಳಗೆ ಬಗ್ಗಿ ನೋಡುವುದು ಮಾವನಿಗೆ ಗೊತ್ತಿತ್ತು. ಹೆಮ್ಮೆಯಾಯಿತು ನನಗೆ, ಅವತ್ತೇ ಬಾಯಿಬಿಟ್ಟು ಹೇಳಿದೆ ಕೂಡ.

ಮುಂದಿನ ಬುಧವಾರ ಹೊಗೆಯ ಬಾಟಲಿ ಒಡೆಯುವುದೆಂದು ನಿಶ್ಚಯವಾಯಿತು. ಮಂಗಳವಾರ ರಿಪೋರ್ಟ್ ಬಂತು. ಡಾಕ್ಟರು ಈ ಸಲ ಚೌಕಾಸಿಗೆ ಬಾಯಿ ತೆರೆಯಲೂ ಬಿಡಲಿಲ್ಲ. ಒಂದು ತೊಟ್ಟೂ ಇಲ್ಲ, ಇವತ್ತಿಂದಲೇ ಎಂದರು.

ಕಾರಿನಲ್ಲಿ ಹೆಬ್ಬಾಳದಿಂದ ಅಟ್ಟೂರಿನ ತನಕ ನನಗೆ ಯಾರ ಮೇಲೆ ಕೋಪ ಮಾಡಿಕೊಳ್ಳಬೇಕೆಂದು ತಿಳಿಯಲಿಲ್ಲ. ಕಡೀಕ, ಕಡೀಕ ಅಂದ ಶಿವಪ್ರಕಾಶರ ಮೇಲೆ ಬಂತು. ಕ್ರಮ ಕ್ರಮ ಎಂದು ತಲೆಯಾಡಿಸಿದ ನನ್ನ ಮೇಲೂ ಬಂತು. ಮಾವ ಅಡ್ಡಾದಿಡ್ಡಿ ಕುಡಿಯುವವರಾಗಿದ್ದರೆ ಅದನ್ನು ಎಂದೋ ಕುಡಿದಿರುತ್ತಿದ್ದರು. ನಿಯಮ ಹಿಡಿದದ್ದಕ್ಕೇ ಕೈತಪ್ಪಿತು. ಶಿವಪ್ರಕಾಶ ಮುಖ ಸಣ್ಣದು ಮಾಡಿಕೊಂಡು, ಆ ಬಾಟಲಿಯನ್ನು ತಂದು ನನ್ನ ಬೀರುವಿನಲ್ಲೇ ಇಟ್ಟು ಊರಿಗೆ ಹೋದರು. ದಸರಾ ರಜೆ ಇತ್ತು.

"ಬಾಯಲ್ಲಿ ಇಟ್ಕೊಂಡು ಉಗುಳಿಬಿಡಿ ಮಾವ," ಎಂದೆ ಒಂದು ದಿನ. "ಡೈರಿಯಲ್ಲಿ ನಾವು ಹಾಗೇ ಮಾಡೋದು."

"ನೀನ್ ಉಗೀತೀಯ. ನಾನು ನುಂಗ್ತೀನಿ. ನನ್ ಗಂಟ್ಲು ನಂಗೊತ್ತಿಲ್ವಾ?" ಎಂದರು. ತಮ್ಮನ್ನು ಇಷ್ಟು ಸರಿಯಾಗಿ ಅಳೆದುಕೊಂಡವರನ್ನು ನಾನು ಕಂಡಿಲ್ಲ.

ಎರಡು ವಾರ ಅವರು ಮಹಡಿ ಹತ್ತಲಿಲ್ಲ. ಮೂರನೇ ಶನಿವಾರ ಸಂಜೆ ಐದೂವರೆಗೆ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತರು.

"ಮಂಜಮ್ಮ, ಆ ಬಾಟ್ಲು ತಗಂಡ್ ಬಾ. ನಾನು ಮೂಸ್ತೀನಿ. ನೀನು ಕುಡ್ದು ಎಂಗೈತೆ ಏಳು."

ನಾನು ಅಲ್ಲಿಯವರೆಗೆ ಎಲ್ಲವನ್ನೂ ಮೂಸಿದ್ದೆ, ಒಂದನ್ನೂ ಬಾಯಿಗೆ ಇಟ್ಟಿರಲಿಲ್ಲ. ಮಾವನ ಎದುರು ಸೊಸೆ ವಿಸ್ಕಿ ಕುಡಿದಳು ಎಂದು ಅಟ್ಟೂರಿಗೆ ಗೊತ್ತಾದರೆ ಏನಾಗುತ್ತದೆ ಎಂದು ಯೋಚಿಸಿದೆ. ಅವರ ಮುಖ ನೋಡಿದೆ. ಕೀಲಿಕೈ ತೆಗೆದುಕೊಂಡೆ.

ಮಹಡಿಯ ಮೇಲೆ ಗಾಳಿ ಇರಲಿಲ್ಲ, ಮೂಸಲು ಒಳ್ಳೆಯ ಹೊತ್ತು. ಅಳೆದು ಹಾಕಿದೆ. ಮಾವ ಲೋಟ ಹಿಡಿದು ಬಾಯಿ ತೆರೆದು ಒಂದು ಸಲ ಮೂಸಿ ಮುಖ ತಿರುಗಿಸಿದರು. ಹುಬ್ಬು ಗಂಟಿಕ್ಕಿತು. ಮೊಣಕೈಗೆ ಹೋಗಿ ಮತ್ತೆ ಬಂದರು.

"ಒಗೆ ಐತೆ. ಆದ್ರೆ ಬೇಲಿ ಸುಟ್ಟ ಒಗೆ ಅಲ್ಲ, ಒಲೆ ಒಗೆ ಅಲ್ಲ. ಔಷ್ದಿ ಐತೆ ಜೊತೆಗೆ. ಇದು ನಂಗೆ ಸಿಕ್ತಾ ಇಲ್ಲ ಕಣಮ್ಮ. ನೀನು ನೋಡು."

ಒಂದು ಸಣ್ಣ ಗುಟುಕು ಎಳೆದೆ. ನಾಲಿಗೆ ಉರಿಯಿತು, ಕಣ್ಣು ತುಂಬಿತು. "ನುಂಗ್ಬ್ಯಾಡ ಈಗ್ಲೇ, ಅಂಗೇ ಇಟ್ಕೊ, ಸುತ್ತಾ ಓಡಾಡ್ಸು," ಎಂದು ಮಾವ ನನ್ನ ಮುಖಕ್ಕೆ ಮುಖ ಕೊಟ್ಟು ಹೇಳುತ್ತಿದ್ದರು. ಅಭ್ಯಾಸಬಲದಿಂದ ಉಗುಳಲು ಹೋದಾಗ ಕೈ ಅಡ್ಡ ಹಿಡಿದರು. "ಉಗೀಬ್ಯಾಡ. ಕೊನೇದು ನುಂಗಿದ್ಮೇಲೇ ಬರೋದು." ನುಂಗಿದೆ. ಬೂದಿ, ಉಪ್ಪು, ಟಿಂಚರು, ಒದ್ದೆಯಾದ ಏನೋ ಒಂದು ಎಂದು ತಡವರಿಸಿದೆ. ಬಿಡಿಬಿಡಿಯಾಗಿ ಎಲ್ಲ ಸಿಗುತ್ತಿತ್ತು, ಕೂಡಿಸಿದರೆ ಏನೆಂದು ಹೇಳಲಾಗಲಿಲ್ಲ. ಮಾವನ ಕಣ್ಣಲ್ಲಿ ಇದ್ದ ಆಸೆ ಇಳಿಯುತ್ತಾ ಬಂತು. ನನಗೆ ಅಳು ಬರುವ ಹಾಗಾಯಿತು.

ಅಷ್ಟರಲ್ಲಿ ಅತ್ತೆ ಒಣಗಿದ ಬಟ್ಟೆ ತೆಗೆದುಕೊಳ್ಳಲು ಮೇಲೆ ಬಂದರು. ಮಾವ ಕುಡಿಯೋದು ಬಿಟ್ಟ ಮೇಲೆ ಸಂಜೆ ಹೊತ್ತು ಅವರಿಗೆ ಮಹಡಿ ಬಂದ್ ಆಗಿರಲಿಲ್ಲ. ನನ್ನ ಕೈಯಲ್ಲಿ ಲೋಟ ನೋಡಿ ನಿಂತರು. ಬೈಗುಳಕ್ಕೆ ನಾನು ತಯಾರಾದೆ. ಅವರು ಬಂದು ನನ್ನ ಕೈಯಿಂದ ಲೋಟ ಕಸಿದುಕೊಂಡರು. ಕಸಿದುಕೊಂಡವರು ಅರ್ಧದಲ್ಲೇ ತಡೆದು, ಮೂಗಿನ ಹತ್ತಿರ ತಂದರು.

"ಇದೇನಿದು, ಬಾಣಂತಿ ಕ್ವಾಣೆ ವಾಸ್ನೆ?"

ಕೆಂಡದ ಮೇಲೆ ಸಾಂಬ್ರಾಣಿ, ಬೆಳ್ಳುಳ್ಳಿ ಸಿಪ್ಪೆಯ ಹೊಗೆ, ಡೆಟಾಲ್ ನೀರು, ಒದ್ದೆ ತಲೆಕೂದಲು. ಏಳು ವರ್ಷದ ಹಿಂದೆ ನನ್ನ ಮಗಳನ್ನು ಮಗ್ಗುಲಲ್ಲಿ ಹಾಕಿಕೊಂಡು ನಾನು ಮಲಗಿದ್ದ ಕೋಣೆ. ಅದೇ, ಅದೇ, ಎಂದು ಕೂಗಿದೆ.

ಮಾವ ಇಬ್ಬರನ್ನೂ ನೋಡಿದರು. "ಅದೆಂಗಿರ್ತೈತೆ? ನಾನು ಒಳಕ್ಕೆ ಬಂದೋನಲ್ಲ."

"ಎಂಗ್ ಬತ್ತೀಯ? ಗಂಡಸ್ರನ್ನ ಬಿಡ್ತಿರ್ಲಿಲ್ಲ," ಎಂದರು ಅತ್ತೆ. ಲೋಟ ಇನ್ನೂ ಅವರ ಕೈಯಲ್ಲೇ ಇತ್ತು. "ಗಿರಿ ಉಟ್ಟಾಗ ಇಲ್ಲೇ ಪಕ್ಕದಳ್ಳಿ ಸಿಂಗಾಪುರಕ್ಕೆ, ನಮ್ಮಪ್ಪನ ಮನೆಗೆ ದಿನಾ ಸಂಜೆ ಸೈಕಲ್ ಮೇಲೆ ಬರ್ತಿದ್ದೆ. ಬಾಗ್ಲಾಚೆ ನಿಂತು ಮಗ ತೋರ್ಸು ಅಂತಿದ್ದೆ. ಒಳಗೆ ಇಷ್ಟು ಒಗೆ ಇರೋದು, ಆದ್ರೂ ನಿನ್ ವಾಸ್ನೆ ಮೊದ್ಲು ಬರೋದು. ಎಷ್ಟು ಕುಡ್ದಿದ್ದೀಯ ಅಂತ ಅದ್ರಲ್ಲೇ ತಿಳ್ಕೊತಿದ್ದೆ. ಜಾಸ್ತಿ ಇದ್ದ ದಿನ ಮಗೀನ ಗ್ವಾಡೆ ಕಡೆಗೆ ಮಲಗಿಸ್ಕೊಂತಿದ್ದೆ."

ಅವರ ದನಿಯಲ್ಲಿ ಕೋಪ ಇರಲಿಲ್ಲ. ನಿನ್ನೆ ಮೊನ್ನೆಯ ವಿಷಯ ಹೇಳುವ ಹಾಗೆ ಹೇಳಿದರು. ನನಗೆ ತಲೆ ಎತ್ತಲು ಆಗಲಿಲ್ಲ. ಮಾವನಿಗೆ ಹೇಗೆ ಮೂಸಬೇಕೆಂದು ಹೇಳಿಕೊಟ್ಟವಳು ನಾನು ಎಂದು ಬೀಗುತ್ತಿದ್ದೆ. ಈ ಮನೆಯಲ್ಲಿ ಎಲ್ಲರಿಗಿಂತ ಮೊದಲು ವಿಸ್ಕಿ ಕಲಿತವರು, ಹೆದರಿಕೊಂಡು ಕಲಿತವರು, ಧಾರಾವಾಹಿಯ ಸೌಂಡು ಜಾಸ್ತಿ ಮಾಡಿಕೊಂಡು ಕೆಳಗೆ ಕೂತಿದ್ದರು.

ಮಾವ ಅತ್ತೆಯ ಕಡೆ ತಿರುಗಿದರು. "ತಪ್ಪಾಯ್ತು ಕಣೆ ಲಕ್ಸ್ಮಿ," ಎಂದರು. ಆ ಮಾತು ಅವರ ಬಾಯಲ್ಲಿ ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

ಅತ್ತೆ ಆಯ್ತು ಎನ್ನಲಿಲ್ಲ, ಬಿಡು ಎನ್ನಲೂ ಇಲ್ಲ. ಲೋಟವನ್ನೇ ನೋಡುತ್ತಿದ್ದರು.

"ಇದ್ರಲ್ಲಿ ಇನ್ನೂ ಏನೋ ಐತೆ," ಎಂದರು.

ಮಾವ ಎದ್ದು ತಾವು ಕೂತಿದ್ದ ಕುರ್ಚಿಯನ್ನು ಅವರ ಕಡೆ ಸರಿಸಿದರು. ಅತ್ತೆ ಬಟ್ಟೆಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕೂತು, ಲೋಟವನ್ನು ಮತ್ತೆ ಮೂಗಿನ ಹತ್ತಿರ ತಂದರು. ಮಾವ ಎದುರಿಗೆ ಬಂದು ನೆಲದ ಮೇಲೆ ಕೂತರು.

"ಏನೈತೆ ಅಂತ ನೀನೇ ಏಳು," ಎಂದರು.